ಪೂರ್ವಕ್ಕೆ ಬೆಕ್ಕಿನ ಎಡಗಿವಿ

ಆಸ್ತಿಪತ್ರ ಓದುವ ದುರಭ್ಯಾಸ ಇರುವವರಿಗೆ ಗೊತ್ತಿರುತ್ತದೆ. ಪತ್ರದ ತಲೆಯ ಮೇಲೆ ಬರೆದುಕೊಟ್ಟವರ ಹೆಸರು, ಅದರ ಕೆಳಗೆ ಬರೆಸಿಕೊಂಡವರ ಹೆಸರು, ಆಮೇಲೆ ಆಸ್ತಿಯ ವಿವರ, ಆ ಆಸ್ತಿಯ ನಾಲ್ಕು ದಿಕ್ಕಿಗೆ ಯಾರ್ಯಾರದು ಏನೇನಿದೆ ಎನ್ನುವ ಚೆಕ್ಕುಬಂದಿ, ಸಾಕ್ಷಿಗಳ ರುಜು. ಇಷ್ಟೆಲ್ಲ ಆದ ಮೇಲೆ, ಜಾಗ ಉಳಿದರೆ ಇರಲಿ ಎನ್ನುವ ಹಾಗೆ, ಕಾಗದದ ಪಾದದಲ್ಲಿ ‘ಬಿಕ್ಕಲಂ’ ಎಂದು ಹಾಕಿ ಪತ್ರ ಬರೆದವನ ಹೆಸರು.

ನಮ್ಮ ಕಥಾನಾಯಕರ ಹೆಸರು ಮೂವತ್ತನಾಲ್ಕು ವರ್ಷ ಆ ಪಾದದಲ್ಲೇ ಇತ್ತು. ಬೀದಿಯವರು ಅವರ ಅಸಲಿ ಹೆಸರು ಮರೆತು ಬಿಕ್ಕಲಂ ಮಾಮ ಎಂದೇ ಕರೆಯುತ್ತಿದ್ದರು. ನೋಂದಣಿ ಕಚೇರಿಯ ಎದುರಿಗೆ ಒಂದು ಬಾಡಿಗೆ ಮನೆ. ಮುಂದಿನ ಕೋಣೆ ಅವರ ಕಚೇರಿ, ಹಿಂದಿನ ಎರಡು ಕೋಣೆ ಸಂಸಾರ. ಊರಿನ ಅರ್ಧ ಮನೆಗಳು ಅವರ ಬೆರಳ ಕೆಳಗೆ ಕೈ ಬದಲಾಯಿಸಿದ್ದವು. ಆದರೆ ಆಸ್ಪತ್ರೆಯ ಚೀಟಿಯೊಂದನ್ನು ಬಿಟ್ಟರೆ ಅವರ ಹೆಸರು ಯಾವ ಕಾಗದದ ತಲೆಯ ಮೇಲೂ ಕೂತದ್ದಿಲ್ಲ. ಕಣ್ಣು ಮಂಜಾಗುವುದರೊಳಗೆ ಒಂದೇ ಒಂದು ಸಲ, ಗೇಣು ಜಾಗಕ್ಕಾದರೂ ಸರಿ, ‘ಬರೆಸಿಕೊಂಡವರು’ ಎನ್ನುವ ಸಾಲಿನಲ್ಲಿ ತನ್ನ ಹೆಸರು ನೋಡಬೇಕು ಎನ್ನುವುದು ಅವರ ಆಸೆ. ಈ ಆಸೆಯನ್ನು ಅವರು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೆಂಡತಿ ತನ್ನ ತಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಎಡವಟ್ಟು ಹುಟ್ಟಿದ್ದು ಅಲ್ಲಿ.

ತಮ್ಮನದು ಮೊಬೈಲ್ ರಿಪೇರಿ ಅಂಗಡಿ. ಮನಸ್ಸು ಬೆಣ್ಣೆ, ತಲೆ ಮಾತ್ರ ಒಂದು ಕಡೆ ನಿಲ್ಲುವುದಲ್ಲ. ಜೇನು ಸಾಕಲು ಹೋಗಿ ಹದಿನೈದು ದಿನ ಮುಖ ಊದಿಸಿಕೊಂಡಿದ್ದ. ಅಣಬೆ ಬೆಳೆಯುತ್ತೇನೆ ಎಂದು ಅಕ್ಕನ ಬಚ್ಚಲುಮನೆಯನ್ನು ಮೂರು ತಿಂಗಳು ಕತ್ತಲು ಮಾಡಿದ್ದ. ಅಷ್ಟೂ ದಿನ ಮನೆಯವರು ಅಂದಾಜಿನ ಮೇಲೆ ಸ್ನಾನ ಮಾಡಿದ್ದರು. ಅಂಥವನು ಮಾಮನಿಗೆ ಅರವತ್ತು ತುಂಬಿದ ದಿನ ಕೈಯಲ್ಲಿ ಬರೀ ಫೋನು ಹಿಡಿದು ಬಂದ.

“ಭಾವ, ನಿಮ್ಮ ಹೆಸರಿಗೆ ಒಂದು ಆಸ್ತಿ ಮಾಡಿಸಿದೀನಿ.”

ಮಾಮ ಚಹಾ ಲೋಟ ಕೆಳಗಿಟ್ಟರು. “ನನ್ನ ಹೆಸರಿಗಾ? ಎಲ್ಲಪ್ಪಾ?”

ಅವನು ಫೋನು ತಿರುಗಿಸಿ ತೋರಿಸಿದ. ಅದರಲ್ಲಿ ಪಕ್ಕದ ಮನೆಯ ಬೆಕ್ಕು ಆಕಳಿಸುತ್ತಿತ್ತು.

ಪಕ್ಕದ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರಿದ್ದರು. ಬೀದಿಗೆ ಅವರು ಹೆಡ್‌ಮೇಡಂ. ಅವರ ಕಂದು ಬಿಳಿ ಬೆಕ್ಕಿನ ಹೆಸರು ಮಾನಿಟರ್. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತು ಯಾರು ಬಂದರು, ಯಾರು ಹೋದರು, ಯಾರು ಗಲಾಟೆ ಮಾಡಿದರು ಎಂದು ಗಮನಿಸುವುದು ಅದರ ಕೆಲಸ. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಗೋಡೆ ಇಳಿದು ಬಂದು ಮಾಮನ ಮೇಜಿನ ಮೇಲೆ ಮಲಗುತ್ತಿತ್ತು. ನಾಲ್ಕಕ್ಕೆ ಎದ್ದು ಹೋಗುತ್ತಿತ್ತು. ಆ ಎರಡು ಗಂಟೆ ಮಾಮ ಟೈಪಿಂಗನ್ನೂ ಸದ್ದಾಗದ ಹಾಗೆ ಬೆರಳ ತುದಿಯಲ್ಲಿ ಮಾಡುತ್ತಿದ್ದರು. ಒಂದು ದಿನ ಗೋಡೆಯ ಮೇಲೆ ಅದು ಬಲಗೈ ಎತ್ತಿ, ತಕರಾರು ಸಲ್ಲಿಸುವ ವಕೀಲರ ಹಾಗೆ ಬಾಯಿ ತೆರೆದಾಗ ಭಾವಮೈದ ಫೋಟೊ ಹೊಡೆದಿದ್ದ. ಅದು ಬೀದಿಯವರ ಫೋನುಗಳನ್ನೆಲ್ಲ ಸುತ್ತಿ, ಔಷಧಿ ಅಂಗಡಿಯವರ ಕೈಗೆ ಸಿಕ್ಕಿ, ‘ನಿದ್ದೆ ಬರುತ್ತಿಲ್ಲವೇ? ಒಳಗೆ ಬನ್ನಿ’ ಎನ್ನುವ ಬೋರ್ಡಿನ ಮೇಲೂ ಏರಿತ್ತು.

“ಇದಕ್ಕೆ ಎನ್‌ಎಫ್‌ಟಿ ಅಂತಾರೆ ಭಾವ. ಡಿಜಿಟಲ್ ಟೋಕನ್ನು. ಈ ಚಿತ್ರಕ್ಕೆ ಮಾಲೀಕರು ನೀವು ಅಂತ ರಿಜಿಸ್ಟರಲ್ಲಿ ಬಿದ್ದಿದೆ. ಪ್ರಪಂಚದ ಸಾವಿರಾರು ಕಂಪ್ಯೂಟರಲ್ಲಿ ಅದೇ ರಿಜಿಸ್ಟರು. ಒಂದು ಸಲ ಬಿತ್ತು ಅಂದ್ರೆ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ.”

ಮಾಮ ಎದ್ದು ನಿಂತರು. ಹೊಡೆದುಹಾಕಿದ ಸಾಲು, ಒರೆಸಿದ ಅಂಕಿ, ಗೆದ್ದಲು ತಿಂದ ಪುಟ, ಇವುಗಳ ಜತೆ ಜೀವ ತೇಯ್ದವರಿಗೆ ಯಾರೂ ತಿದ್ದಲಾಗದ ರಿಜಿಸ್ಟರ್ ಎನ್ನುವ ಮಾತು ಕೇಳಿದ ಮೇಲೆ ಕೂತಿರಲಾಗಲಿಲ್ಲ.

“ಹಂಗಾದ್ರೆ ಈ ಚಿತ್ರ ಇನ್ನು ಯಾರ ಹತ್ರಾನೂ ಇರಲ್ಲ?”

“ಇರತ್ತೆ. ಎಲ್ಲರ ಹತ್ರಾನೂ ಇರತ್ತೆ. ಆದ್ರೆ ಮಾಲೀಕರು ನೀವು.”

“ಓಹೋ. ಅವರೆಲ್ಲ ಬಾಡಿಗೆಗೆ ಇರ್ತಾರೆ.”

“ಬಾಡಿಗೆ ಏನಿಲ್ಲ ಭಾವ.”

“ಭೋಗ್ಯ?”

“ಅದೂ ಅಲ್ಲ.”

“ಅಂದ್ಮೇಲೆ ಅತಿಕ್ರಮಣ!” ಎಂದು ಮಾಮ ಮೇಜು ಕುಟ್ಟಿದರು. ಅವರಿಗೆ ಗೊತ್ತಿದ್ದ ವಿಧಾನಗಳು ಅಲ್ಲಿಗೆ ಮುಗಿದಿದ್ದವು.

ಭಾವಮೈದ ಒಂದು ಚೀಟಿ ಕೊಟ್ಟ. ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದಗಳಿದ್ದವು. ಟೊಮ್ಯಾಟೊ, ಲ್ಯಾಡರ್, ವಿಂಟರ್, ಸ್ಪೂನ್ ಎಂದು ಶುರುವಾಗಿ ಅಂಕಲ್ ಎಂದು ಮುಗಿಯುತ್ತಿತ್ತು. “ಇದು ನಿಮ್ಮ ಆಸ್ತಿಯ ಬೀಗದಕೈ ಅಂದ್ಕೊಳ್ಳಿ. ಈ ಹನ್ನೆರಡು ಪದ ಯಾರ ಹತ್ರ ಇದೆಯೋ ಆಸ್ತಿ ಅವರದು. ಹುಷಾರು ಭಾವ.”

ಮಾಮ ಕೊನೆಯ ಪದದ ಮೇಲೆ ಬೆರಳಿಟ್ಟರು. “ಅಂಕಲ್. ಇದು ನಾನೇ.”

ಅವನು ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂದು ಓಡಿದ. ಹೇಳಬೇಕಾದ ಮುಖ್ಯ ಮಾತನ್ನು ಕೊನೆಗಿಟ್ಟುಕೊಳ್ಳುವುದು ಅವರ ಮನೆತನದ ಗುಣ.

ಹೆಂಡತಿ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದರು. “ರೀ, ಬೆಕ್ಕು ಹೆಡ್‌ಮೇಡಮ್ಮುಂದು. ಗೋಡೆ ಮನೆ ಓನರ್ದು. ಫೋಟೊ ನನ್ನ ತಮ್ಮ ತೆಗೆದಿದ್ದು. ಆಕಳಿಸಿದ್ದು ಬೆಕ್ಕು. ಇದರಲ್ಲಿ ನಿಮ್ಮದೇನು?”

“ಹಕ್ಕು,” ಎಂದರು ಮಾಮ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಮಾಮ ಅಲ್ಪರಲ್ಲ, ಬೆಳಗಾಗುವವರೆಗೆ ಕಾದರು. ಬೆಳಗಾದ ಮೇಲೆ ಔಷಧಿ ಅಂಗಡಿಯ ಬೋರ್ಡಿನ ಮುಂದೆ ಹೋಗಿ ನಿಂತರು.

“ಈ ಚಿತ್ರ ನಂದು.”

“ನಿಮ್ಮ ಹಂಗೆ ಕಾಣಲ್ವಲ್ಲ ಮಾಮ,” ಎಂದರು ಅಂಗಡಿಯವರು, ಚಿತ್ರವನ್ನೂ ಮಾಮನನ್ನೂ ತಾಳೆ ನೋಡಿ.

“ಮಾಲೀಕತ್ವ ನಂದು ಅಂದೆ. ನೀವು ಇಟ್ಕೊಂಡಿರೋದು ಅಕ್ರಮ ಸ್ವಾಧೀನ.”

“ನಿದ್ದೆ ಸರಿಯಾಗಿ ಆಗ್ತಿದೆಯಾ ಮಾಮ? ಒಳಗೆ ಬನ್ನಿ.”

ದರ್ಜಿಯ ಫೋನಿನಲ್ಲಿ ಅದೇ ಬೆಕ್ಕು ‘ಶುಭೋದಯ’ ಎನ್ನುತ್ತಿತ್ತು. ಇಸ್ತ್ರಿಯವನು ಅದನ್ನು ಹೆಂಡತಿಯ ನಂಬರಿಗೆ ಗುರುತಾಗಿ ಇಟ್ಟುಕೊಂಡಿದ್ದ. ಮಾಮ ಎಲ್ಲರಿಗೂ ತಿಳಿಹೇಳಿದರು. ಎಲ್ಲರೂ ತಿಳಿದುಕೊಂಡು, ಹೌದಾ ಎಂದು ಬೆರಗಾಗಿ, ಚಿತ್ರವನ್ನು ಇನ್ನೂ ನಾಲ್ಕು ಜನಕ್ಕೆ ಕಳಿಸಿದರು.

ಇನ್ನು ಬಾಯಿಮಾತಿನ ಕಾಲವಲ್ಲ ಎಂದು ಮಾಮ ಟೈಪಿಂಗಿಗೆ ಕೂತರು. ಸಾರ್ವಜನಿಕ ಪ್ರಕಟಣೆ! ಅವರ ವೃತ್ತಿಯಲ್ಲಿ ಒಂದು ಮಾತಿದೆ: ಮುಚ್ಚಿಟ್ಟ ಹಕ್ಕು ಹಕ್ಕೇ ಅಲ್ಲ. ನಾಲ್ಕು ಜನ ನೋಡಬೇಕು, ತಕರಾರು ಇದ್ದವರು ಬರಬೇಕು, ಬರದಿದ್ದರೆ ಆಸ್ತಿ ನಿಮ್ಮದು ಎಂದು ಗಟ್ಟಿಯಾಗಬೇಕು. ಅದಕ್ಕೆ ಪ್ರಕಟಣೆಯಲ್ಲಿ ಆಸ್ತಿಯ ಗುರುತು ಒಂದಿಷ್ಟೂ ಬಿಟ್ಟುಹೋಗಿರಬಾರದು. ಮಾಮನ ಕೈಯಿಂದ ಹೊರಟ ಪತ್ರದಲ್ಲಿ ಗುರುತು ಬಿಟ್ಟುಹೋಗಿದೆ ಎಂದು ಈ ಮೂವತ್ತನಾಲ್ಕು ವರ್ಷದಲ್ಲಿ ಹೇಳಿದವರಿಲ್ಲ.

‘ಸದರಿ ಚಿತ್ರದ ಚೆಕ್ಕುಬಂದಿ: ಪೂರ್ವಕ್ಕೆ ಬೆಕ್ಕಿನ ಎಡಗಿವಿ, ಪಶ್ಚಿಮಕ್ಕೆ ಬಾಲದ ತುದಿ, ಉತ್ತರಕ್ಕೆ ಆಕಾಶ, ದಕ್ಷಿಣಕ್ಕೆ ಗೋಡೆ. ಇದರ ಮಧ್ಯೆ ಇರುವ ಆಕಳಿಕೆಯು ಸಂಪೂರ್ಣವಾಗಿ ನನ್ನ ಸ್ವತ್ತು.’ ಉತ್ತರಕ್ಕೆ ಆಕಾಶ ಬಂದದ್ದು ಅವರ ವೃತ್ತಿಜೀವನದಲ್ಲಿ ಇದೇ ಮೊದಲು. ಅದನ್ನು ಎರಡು ಸಲ ಓದಿ ಸುಖಪಟ್ಟರು. ಅದರ ಕೆಳಗೆ ‘ಮಾಲೀಕತ್ವಕ್ಕೆ ಆಧಾರ’ ಎಂದು ಬರೆದು ಟೊಮ್ಯಾಟೊದಿಂದ ಅಂಕಲ್‌ವರೆಗೆ ಹನ್ನೆರಡೂ ಪದಗಳನ್ನು ದಪ್ಪ ಅಕ್ಷರದಲ್ಲಿ, ಕ್ರಮಸಂಖ್ಯೆ ಸಮೇತ, ಒಂದಕ್ಷರ ಲೋಪವಿಲ್ಲದೆ ಹೊಡೆದರು.

ಸೋಮವಾರ ಬೆಳಗ್ಗೆ ಮೂವತ್ತು ಮನೆಗೆ ಮೂವತ್ತು ಪ್ರತಿ ಹಂಚಿದರು. ಇನ್ನೊಂದನ್ನು ನೋಂದಣಿ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದರು. ಬೀದಿಗೆ ಬೀದಿಯೇ ಪ್ರಕಟಣೆಯ ಫೋಟೊ ತೆಗೆದು ಬಂಧುಬಳಗಕ್ಕೆ ಕಳಿಸಿತು. ಸಂಜೆಯ ಹೊತ್ತಿಗೆ ಬೆಕ್ಕಿಗಿಂತ ಪ್ರಕಟಣೆಯೇ ಹೆಚ್ಚು ಊರು ಸುತ್ತಿತ್ತು.

ಮೊದಲ ತಕರಾರು ಗೋಡೆಯಾಚೆಯಿಂದ ಬಂತು. ಹೆಡ್‌ಮೇಡಂ ಪ್ರಕಟಣೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಂದಿದ್ದರು. ಮೂರು ಕಡೆ ಗೆರೆ, ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ, ಕೊನೆಗೆ ಹತ್ತಕ್ಕೆ ನಾಲ್ಕು ಅಂಕ.

“ಏನ್ರೀ ಇದು? ನನ್ನ ಮಾನಿಟರ್‌ನ ಕಿವಿ, ಬಾಲ ಎಲ್ಲ ನಿಮ್ಮ ಗಡಿ ಅಂತ ಬರೆದಿದ್ದೀರಿ?”

“ಗಡಿ ಮಾತ್ರ ಮೇಡಂ. ಗಡಿ ಪಕ್ಕದವರದ್ದು. ಅಂದ್ರೆ ಬೆಕ್ಕು ನಿಮ್ಮದೇ. ಆಕಳಿಕೆ ಮಾತ್ರ ನಂದು.”

“ಆಕಳಿಸೋದಕ್ಕೆ ಮುಂಚೆ ನನ್ನ ಕೇಳಿತ್ತಾ ಅದು? ನಾನು ಒಪ್ಪಿಗೆ ಕೊಟ್ಟಿದ್ದೆನಾ? ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ, ನನ್ನ ಕ್ಲಾಸಲ್ಲಿ ಆಕಳಿಸಿದವರ ಆಕಳಿಕೆ ಯಾರೂ ಬರೆಸಿಕೊಂಡು ಹೋಗಿಲ್ಲ!”

“ಕಾನೂನು ಪ್ರಕಾರ ಮೇಡಂ...”

“ಹಾಗಾದ್ರೆ ನಿಮ್ಮ ಆಕಳಿಕೆ ನೀವಿಟ್ಕೊಳ್ಳಿ. ನನ್ನ ಬೆಕ್ಕು ನನ್ನ ಮನೇಲಿರತ್ತೆ.”

ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಧಡಾರ್ ಎಂದು ಮುಚ್ಚಿಕೊಂಡವು. ಕೊನೆಯ ಕಿಟಕಿ ಮುಚ್ಚುವ ಮುನ್ನ ಒಳಗಿಂದ ಒಂದು ಸಣ್ಣ ‘ಮ್ಯಾಂವ್’ ಕೇಳಿಸಿತು. ಮಾಮ ಮರುದಿನ ಮಧ್ಯಾಹ್ನಕ್ಕೆ ಇದೆಲ್ಲ ಸರಿಹೋಗುತ್ತದೆ ಎಂದುಕೊಂಡರು.

ಮರುದಿನ ಬೆಳಗ್ಗೆ ಅವರು ಇಸ್ತ್ರಿ ಅಂಗಿ ತೊಟ್ಟು ನೋಂದಣಿ ಅಧಿಕಾರಿಗಳ ಮುಂದೆ ಕೂತಿದ್ದರು. ಟೋಕನ್ನನ್ನು ಊರಿನ ರಿಜಿಸ್ಟರಿನಲ್ಲೂ ಒಂದು ಸಾಲು ಏರಿಸಿಬಿಟ್ಟರೆ ಬೀದಿಯವರ ಬಾಯಿ ಮುಚ್ಚೀತು ಎನ್ನುವ ಲೆಕ್ಕಾಚಾರ. ಅಧಿಕಾರಿಗಳಿಗೆ ಮಾಮನ ಮೇಲೆ ಗೌರವ. ಅವರ ಪತ್ರಗಳಲ್ಲಿ ತಪ್ಪು ಹುಡುಕಿ ಹುಡುಕಿ, ಒಂದೂ ಸಿಗದೆ ಅಧಿಕಾರಿಗಳಿಗೇ ಬೇಸರ ಬಂದಿತ್ತು.

“ಆಸ್ತಿ ಎಲ್ಲಿದೆ?”

“ಎಲ್ಲ ಕಡೆ ಇದೆ ಸಾರ್.”

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. “ವಿಸ್ತೀರ್ಣ?”

“ಫೋನಲ್ಲಿ ಒಂದು ಗೇಣು. ಔಷಧಿ ಅಂಗಡೀಲಿ ಎರಡು ಅಡಿ.”

“ಸ್ವಾಧೀನ ಯಾರದು?”

“ಊರಿನವರದ್ದು.”

“ಮತ್ತೆ ನಿಮ್ಮ ಹತ್ರ ಇರೋದು?”

“ಹಕ್ಕು ಸಾರ್.”

“ನೋಡಿ, ಹಕ್ಕು ಇದೆ, ಸ್ವಾಧೀನ ಇಲ್ಲ ಅಂತ ದಿನಾ ಹತ್ತು ಜನ ಬಂದು ಇಲ್ಲಿ ಅಳ್ತಾರೆ. ಅವರಿಗೆಲ್ಲ ನೀರು ಕೊಟ್ಟು, ಸಮಾಧಾನ ಹೇಳಿ ಮನೆಗೆ ಕಳಿಸ್ತಿದ್ದವರು ನೀವು. ಈಗ ನಿಮಗೆ ಯಾರು ಹೇಳೋದು?”

ಅಷ್ಟರಲ್ಲಿ ಭಾವಮೈದ ಏದುಸಿರು ಬಿಡುತ್ತ ನುಗ್ಗಿದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಕ್ರೂಡ್ರೈವರು.

“ಭಾವ! ನಿಮ್ಮ ಬೆಕ್ಕು ಹೋಯ್ತು!”

“ಎಲ್ಲಿಗೆ? ಕಿಟಕಿ ಮುಚ್ಚಿದ್ರಲ್ಲ!”

“ಆ ಬೆಕ್ಕಲ್ಲ, ಟೋಕನ್ನು! ಯಾರೋ ತಮ್ಮ ಹೆಸರಿಗೆ ಮಾಡ್ಕೊಂಡಿದಾರೆ. ಆ ಹನ್ನೆರಡು ಪದ ಯಾರಿಗಾದ್ರೂ ತೋರಿಸಿದ್ರಾ?”

ಮಾಮ ನೋಟಿಸ್ ಬೋರ್ಡಿನ ಕಡೆ ಕೈ ತೋರಿಸಿದರು. ಭಾವಮೈದ ಹೋಗಿ ಓದಿದ. ಓದುತ್ತ ಓದುತ್ತ ಅವನ ಭುಜ ಇಳಿಯುತ್ತ ಬಂತು.

“ಭಾವ, ಬೀಗದಕೈ ಅಂತ ಹೇಳಿದ್ನಲ್ಲ. ಬೀಗದಕೈನ ಯಾರಾದ್ರೂ ಮೂವತ್ತು ಮನೆಗೆ ಹಂಚ್ತಾರಾ?”

“ನೀನು ಯಾರ ಹತ್ರ ಇದೆಯೋ ಆಸ್ತಿ ಅವರದು ಅಂದೆ. ನನ್ನ ಹತ್ರ ಇದೆ ಅಂತ ಎಲ್ಲರಿಗೂ ತೋರಿಸಿದೆ. ತೋರಿಸಬಾರದು ಅಂತ ಹೇಳಿದ್ಯಾ?”

“ಅದನ್ನ ಹೇಳೋಕೆ ಬಾಯಿ ತೆಗೆದೆ, ಅಂಗಡಿಯಿಂದ ಫೋನ್ ಬಂತು.”

ಅಧಿಕಾರಿಗಳಿಗೂ ಈಗ ಆಸಕ್ತಿ ಹುಟ್ಟಿತ್ತು. “ಬರೆಸಿಕೊಂಡವರು ಯಾರು, ಹೆಸರು ಹೇಳಿ. ಕರೆಸೋಣ.”

“ಹೆಸರಿಲ್ಲ ಸಾರ್. ನಲವತ್ತೆರಡು ಅಕ್ಷರದ ಒಂದು ನಂಬರಿದೆ.”

“ತಂದೆ ಹೆಸರು? ವಾಸಸ್ಥಳ?”

“ಆ ನಂಬರೇ ಎಲ್ಲ.”

“ಹೋಗಲಿ, ರಿಜಿಸ್ಟರಲ್ಲಿ ತಿದ್ದುಪಡಿ ಹಾಕ್ಸಿ,” ಎಂದರು ಅಧಿಕಾರಿಗಳು.

ಭಾವಮೈದ ಭಾವನ ಮುಖ ನೋಡಿದ. ಭಾವ ನೆಲ ನೋಡಿದರು. “ಆಗಲ್ಲ ಸಾರ್,” ಎಂದು ಮಾಮನೇ ಹೇಳಿದರು. “ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ.”

ಮಾಮ ಮನೆಗೆ ಬಂದು ಕುರ್ಚಿಯಲ್ಲಿ ಕೂತರು. ಹೆಂಡತಿ ಚಹಾ ತಂದಿಟ್ಟು, ಅವರ ಫೋನು ತೆಗೆದು ಚಿತ್ರ ತೋರಿಸಿದರು. “ನೋಡಿ, ಇಲ್ಲೇ ಇದೆ. ಹೆಂಗೆ ಆಕಳಿಸ್ತಿತ್ತೋ ಹಂಗೇ ಆಕಳಿಸ್ತಿದೆ. ಹೋಗಿದ್ದೇನು ಅಂತ ಹೇಳಿ, ನಾನೂ ಅಳ್ತೀನಿ.”

ಮಾಮ ಫೋನು ಮಗುಚಿಟ್ಟರು. ಹೋದದ್ದು ಚಿತ್ರವಲ್ಲ. ನಾಲ್ಕು ದಿನ ಕಾಗದದ ತಲೆಯ ಮೇಲೆ ಕೂತಿದ್ದ ಹೆಸರು ಮತ್ತೆ ಪಾದಕ್ಕೆ ಇಳಿದಿತ್ತು. ಅದಕ್ಕೆ ಅವರಿಗೆ ದುಃಖವಾಯಿತು. ಅರವತ್ತು ವರ್ಷದ ಗಂಡಸು ಬೆಕ್ಕಿನ ಆಕಳಿಕೆಗೆ ದುಃಖಪಡುವುದೇ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಗಡಿಯಾರ ಎರಡು ಹೊಡೆಯಿತು. ಅವರ ಕೈ ತಾನಾಗಿ ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿತು. ಯಾರೂ ಬರಲಿಲ್ಲ.

ಬುಧವಾರವೂ ಬರಲಿಲ್ಲ. ಗುರುವಾರ ಮಾಮ ಒಂದು ಕ್ರಯಪತ್ರದಲ್ಲಿ ಪೂರ್ವವನ್ನೂ ಪಶ್ಚಿಮವನ್ನೂ ಅದಲುಬದಲು ಮಾಡಿದರು. ಒಂದು ಮನೆ ರಸ್ತೆಯ ನಡುವೆ ಹೋಗಿ ನಿಂತಿತು. ಅಧಿಕಾರಿಗಳು ಹತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಮಾಮನ ತಪ್ಪು ಕಂಡುಹಿಡಿದು, ಸಂತೋಷಪಡುವ ಬದಲು ಗಾಬರಿಯಾದರು. ಬೀದಿಗೂ ಕರುಳು ಚುರುಕ್ ಎಂದಿತು. ಔಷಧಿ ಅಂಗಡಿಯವರು ಹೇಳದೆ ಕೇಳದೆ ಬೋರ್ಡು ಇಳಿಸಿದರು. ದರ್ಜಿ ಬಂದು, “ಅಳಿಸಿಬಿಟ್ಟೆ ಮಾಮ, ನನ್ನ ಹೆಂಡ್ತಿ ಫೋನಲ್ಲೂ ಅಳಿಸಿಬಿಟ್ಟೆ” ಎಂದು ಕೈ ಹಿಡಿದುಕೊಂಡ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆದರೂ ಹಾಕಿದರಲ್ಲ ಎಂದು ಮಾಮನ ಕಣ್ಣು ಒದ್ದೆಯಾಯಿತು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಹೆಡ್‌ಮೇಡಂ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಮಾನಿಟರ್.

“ಒಂದು ಪತ್ರ ಬರೀಬೇಕಿತ್ತು,” ಎಂದರು, ಮಾಮನ ಮುಖ ನೋಡದೆ.

“ಕೂತ್ಕೊಳ್ಳಿ ಮೇಡಂ. ಏನು ಪತ್ರ?”

“ದಾನಪತ್ರ. ಈ ಪ್ರಾಣಿ ನಾಲ್ಕು ದಿನದಿಂದ ಸರಿಯಾಗಿ ತಿಂದಿಲ್ಲ. ಎರಡು ಗಂಟೆ ಆಯ್ತು ಅಂದ್ರೆ ಕಿಟಕಿ ಹತ್ರ ಕೂತು ಒಂದೇ ಸಮ ಕಿರುಚತ್ತೆ. ನಲವತ್ತು ವರ್ಷ ಎಂತೆಂಥಾ ಹಟಮಾರಿಗಳನ್ನ ದಾರಿಗೆ ತಂದೋಳು ನಾನು, ಇದರ ಮುಂದೆ ಸೋತೆ. ಬರ್ಕೊಳ್ಳಿ. ಬರೆದುಕೊಡೋಳು ನಾನು. ಆಸ್ತಿ, ಮಾನಿಟರ್ ಎಂಬ ಬೆಕ್ಕಿನ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ.”

ಮಾಮನ ಬೆರಳು ಅಭ್ಯಾಸಬಲದಿಂದ ಓಡಿತು. “ದಿನಾನಾ ಮೇಡಂ?”

“ದಿನಾ. ಭಾನುವಾರಾನೂ.”

“ಬರೆಸಿಕೊಳ್ಳೋರು?”

“ಇನ್ಯಾರ್ರೀ? ನೀವೇ.”

ಬೆರಳು ನಿಂತಿತು. ಮಾಮ ಪರದೆಯನ್ನೇ ನೋಡುತ್ತ ಕೂತರು. ಸಾವಿರಾರು ಸಲ ತುಂಬಿದ ಆ ಖಾಲಿ ಸಾಲು ಅವರನ್ನೇ ಕಾಯುತ್ತಿತ್ತು. ಕಡೆಗೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಆಗಲ್ಲ ಮೇಡಂ. ನನಗೆ ಬರೋ ಆಸ್ತಿಯ ಪತ್ರಾನ ನಾನೇ ಬರೆಯೋ ಹಂಗಿಲ್ಲ. ನಮ್ಮ ಕಸುಬಲ್ಲಿ ಅದು ತಪ್ಪು.”

ಹೆಡ್‌ಮೇಡಂ ಬೆಕ್ಕನ್ನು ನೋಡಿದರು. ಬೆಕ್ಕು ಮೇಜನ್ನು ನೋಡಿತು. ಒಳಗಿಂದ ನಲ್ಲಿ ನಿಲ್ಲಿಸಿದ ಸದ್ದಾಯಿತು. ಮಾಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಏಳ್ರೀ ಕುರ್ಚಿಯಿಂದ. ನಾನು ಬರೀತೀನಿ.”

“ನಿನಗೇನೇ ಗೊತ್ತು ಪತ್ರ ಬರೆಯೋದು?”

“ಮೂವತ್ತು ವರ್ಷದಿಂದ ಗೋಡೆ ಆಚೆ ನಿಂತು ಕೇಳ್ತಿದೀನಿ. ನಿದ್ದೇಲೂ ನೀವು ಪೂರ್ವ ಪಶ್ಚಿಮ ಅಂತಾನೇ ಕನವರಿಸೋದು.”

ಕಂಪ್ಯೂಟರ್ ಬೇಡ ಎಂದು ಅವರು ಪೆನ್ನು ತೆಗೆದುಕೊಂಡರು. ದಿನಸಿ ಚೀಟಿ ಬರೆಯುವ ದುಂಡು ಅಕ್ಷರದಲ್ಲಿ, ನಾಲಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಬರೆದರು. ‘ಚೆಕ್ಕುಬಂದಿ: ಪೂರ್ವಕ್ಕೆ ನಮ್ಮ ಮನೆಯವರ ಮೊಣಕೈ, ಪಶ್ಚಿಮಕ್ಕೆ ಸ್ಟ್ಯಾಂಪ್ ಪ್ಯಾಡು, ಉತ್ತರಕ್ಕೆ ಚಹಾ ಲೋಟ, ದಕ್ಷಿಣಕ್ಕೆ ಕಿಟಕಿ. ಇದರ ಮಧ್ಯೆ ಬೆಕ್ಕು ಮಲಗತಕ್ಕದ್ದು.’ ಹೆಡ್‌ಮೇಡಂ ಕೆಂಪು ಪೆನ್ನಿನಲ್ಲಿ ಎರಡು ಕಾಗುಣಿತ ತಿದ್ದಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ರುಜು ಹಾಕಿದರು. ಸಾಕ್ಷಿಗೆ ಕರೆಸಿದ ಭಾವಮೈದ ರುಜು ಹಾಕಿ, ಅಭ್ಯಾಸದಂತೆ ಜೇಬಿಂದ ಫೋನು ತೆಗೆದ.

“ಫೋಟೊ ಬೇಡ!” ಎಂದು ಮೂವರೂ ಒಟ್ಟಿಗೆ ಕೂಗಿದರು.

ಕಾಗದದ ಪಾದದಲ್ಲಿ ‘ಬಿಕ್ಕಲಂ’ ಎಂದು ಬರೆದು ಮಾಮನ ಹೆಂಡತಿ ತಮ್ಮ ಹೆಸರು ಹಾಕಿದರು. ಆಮೇಲೆ ಪತ್ರವನ್ನು ಗಂಡನ ಮುಂದೆ ತಳ್ಳಿದರು. ಮಾಮ ಕನ್ನಡಕ ಒರೆಸಿಕೊಂಡು ಮೇಲಿನ ‘ಬರೆಸಿಕೊಂಡವರು’ ಸಾಲು ಓದಿದರು. ಮತ್ತೆ ಓದಿದರು. ಆಮೇಲೆ ಕೆಳಗಿನ ಸಾಲಿನಲ್ಲಿದ್ದ ಹೆಂಡತಿಯ ಹೆಸರು ಓದಿದರು. ಅದು ಇಷ್ಟು ವರ್ಷ ಯಾವ ಕಾಗದದ ಮೇಲೂ, ತಲೆಯಲ್ಲಾಗಲಿ ಪಾದದಲ್ಲಾಗಲಿ, ಬಂದೇ ಇರಲಿಲ್ಲ ಎನ್ನುವುದು ಅವರಿಗೆ ಆಗ ಹೊಳೆಯಿತು.

“ಅಕ್ಷರ ಚೆನ್ನಾಗಿದೆ ಕಣೇ ನಿಂದು,” ಎಂದರು.

ಗಡಿಯಾರ ಎರಡು ಹೊಡೆಯಿತು. ಮಾನಿಟರ್ ಹೆಡ್‌ಮೇಡಂ ತೊಡೆಯಿಂದ ಇಳಿದು, ಮೇಜು ಹತ್ತಿ, ಮೂಸಿ ನೋಡಿ, ಸರಿಯಾಗಿ ಪತ್ರದ ಮೇಲೆ ಮೂರು ಸುತ್ತು ಸುತ್ತಿ ಬಿದ್ದುಕೊಂಡಿತು. ಬರೆಸಿಕೊಂಡವರ ಹೆಸರು ಹೊಟ್ಟೆಯ ಕೆಳಗೆ ಹೋಯಿತು. ಒಂದು ಕೈ ಚಾಚಿ ಮಾಮನ ಮೊಣಕೈ ಮೇಲಿಟ್ಟು, ಬಾಯಗಲಿಸಿ ಆಕಳಿಸಿ, ಕಣ್ಣು ಮುಚ್ಚಿತು.

ಸುದ್ದಿ ಕೇಳಿ ನೋಂದಣಿ ಅಧಿಕಾರಿಗಳು ರಸ್ತೆ ದಾಟಿ ಬಂದಾಗ ಮೂರು ಗಂಟೆ. “ಏನೋ ಪತ್ರ ಆಯ್ತಂತೆ. ಎಲ್ಲಿ, ನೋಡೋಣ.”

“ಬೆಕ್ಕಿನ ಕೆಳಗಿದೆ ಸಾರ್,” ಎಂದು ಮಾಮ ಪಿಸುಗುಟ್ಟಿದರು.

“ಎತ್ತಿ ತೋರಿಸ್ರೀ. ಹಕ್ಕೂ ನಿಮ್ಮದು, ಸ್ವಾಧೀನವೂ ನಿಮ್ಮದು ಅಂದ್ಮೇಲೆ ಏನು ಅಡ್ಡಿ?”

“ಸ್ವಾಧೀನ ಅದರದ್ದು ಸಾರ್. ಪೂರ್ವದ ಗಡಿ ನಾನು. ನಾಲ್ಕು ಗಂಟೆವರೆಗೂ ಅಲ್ಲಾಡೋ ಹಂಗಿಲ್ಲ.”